ಯಾಪಲದಿನ್ನಿಯಿಂದ ಮಾನ್ವಿ ಬ್ಯಾಂಕಿಗೆ

ನನ್ನ ಪಗಾರದ ಖಾತೆ ಇದ್ದದ್ದು ದೇವದುರ್ಗದಲ್ಲಿ. ಮೊದಲ ನೌಕರಿ ಅಲ್ಲಿಯ ಶಾಲೆಯಲ್ಲಿ ಸಿಕ್ಕಿದ್ದರಿಂದ ಖಾತೆಯನ್ನೂ ಅಲ್ಲೇ ತೆಗೆಸಿದ್ದೆ. ಹದಿನೆಂಟು ವರ್ಷ ಅಲ್ಲಿ ಕನ್ನಡ ಕಲಿಸಿದ ಮೇಲೆ ರಾಯಚೂರು ತಾಲೂಕಿನ ಯಾಪಲದಿನ್ನಿಗೆ ವರ್ಗವಾಯಿತು. ನಾನೂ ನಮ್ಮ ಮನೆಯವರೂ ರಾಯಚೂರಿನಲ್ಲಿ ಮನೆ ಮಾಡಿದೆವು. ಪಾತ್ರೆ, ಪುಸ್ತಕ, ದೇವರ ಪೆಟ್ಟಿಗೆ, ತುಳಸಿ ಕುಂಡ ಎಲ್ಲ ಒಂದೇ ಟೆಂಪೋದಲ್ಲಿ ಬಂದವು. ಖಾತೆ ಮಾತ್ರ ದೇವದುರ್ಗದಲ್ಲೇ ಉಳಿಯಿತು.

ಅದರಿಂದ ದಿನವೂ ತೊಂದರೆಯಿತ್ತು ಎಂದಲ್ಲ. ಕಾರ್ಡು ಹಾಕಿದರೆ ರಾಯಚೂರಿನ ಯಾವ ಮಷೀನಿನಲ್ಲೂ ದುಡ್ಡು ಬರುತ್ತಿತ್ತು. ಆದರೆ ಹೆಸರಿನ ಒಂದು ಅಕ್ಷರ ತಿದ್ದಬೇಕಾದರೂ, ಮೊಬೈಲ್ ನಂಬರು ಬದಲಿಸಬೇಕಾದರೂ ಅದೇ ಬ್ಯಾಂಕಿನ ರಾಯಚೂರು ಶಾಖೆಯವರು ಕತ್ತೆತ್ತದೆ, "ಮೂಲ ಶಾಖಿಗೆ ಹೋಗ್ರಿ ಮೇಡಂ" ಅನ್ನುತ್ತಿದ್ದರು. ನಾನಾಗ ಹೊಸ ನಂಬರು ತೆಗೆದುಕೊಂಡಿದ್ದೆ. ಬ್ಯಾಂಕಿನ ಸಂದೇಶಗಳು ಹಳೇ ನಂಬರಿಗೇ ಬರುತ್ತಿದ್ದುದರಿಂದ ಆ ಸಿಮ್ಮನ್ನು ಒಂದು ಸಣ್ಣ ಫೋನಿಗೆ ಹಾಕಿ ಅಲಮಾರಿಯಲ್ಲಿ ಇಟ್ಟಿದ್ದೆ. ಬೇಕಾದಾಗ ಚಾಲೂ ಮಾಡುವುದು, ಒಟಿಪಿ ನೋಡುವುದು, ಮತ್ತೆ ಬಂದ್ ಮಾಡುವುದು. ನಂಬರು ಬದಲಿಸಲೆಂದು ಒಂದು ದಿನ ರಜೆ ಹಾಕಿ, ಅರ್ಧ ದಾರಿ ಬಸ್ಸಿನಲ್ಲಿ ನಿಂತುಕೊಂಡು ದೇವದುರ್ಗಕ್ಕೆ ಹೋದರೆ ಬಾಗಿಲಲ್ಲೇ, "ಇವತ್ತ ಲಿಂಕ್ ಇಲ್ರಿ" ಅಂದರು. ಬಂದ ದಾರಿಯಲ್ಲೇ ತಿರುಗಿದೆ. ಬ್ಯಾಂಕನ್ನೇ ಬದಲಿಸಿಬಿಡಬೇಕು ಅಂತ ಅವತ್ತೇ ಬಸ್ಸಿನಲ್ಲಿ ನಿಶ್ಚಯ ಮಾಡಿದೆ.

ಅದಾದ ಕೆಲವೇ ದಿನಕ್ಕೆ ನಮ್ಮ ಓಣಿಗೆ ಒಂದು ಹುಡುಗಿ ಬಂದಳು. ಇಪ್ಪತ್ತನಾಲ್ಕೋ ಇಪ್ಪತ್ತೈದೋ ವಯಸ್ಸು, ಕೊರಳಲ್ಲಿ ಹೊಸ ಬ್ಯಾಂಕೊಂದರ ಗುರುತಿನ ಚೀಟಿ, ಬೆನ್ನಿಗೆ ಚೀಲ. ಮಧ್ಯಾಹ್ನದ ಬಿಸಿಲಿಗೆ ಮುಖ ಕೆಂಪಾಗಿತ್ತು. ನೀರು ಕೊಟ್ಟು ಕೂಡಿಸಿದೆ. ಅವರ ಬ್ಯಾಂಕಿನ ಶಾಖೆ ನಮ್ಮ ಮನೆಯಿಂದ ನಾಲ್ಕು ಹೆಜ್ಜೆ.

"ಐದು ನಿಮಿಷದ ಕೆಲಸ್ರಿ ಮೇಡಂ," ಅಂದಳು. ಆಧಾರ್ ನಂಬರು ಹೇಳಿದೆ, ಸಣ್ಣ ಯಂತ್ರದ ಮೇಲೆ ಹೆಬ್ಬೆರಳು ಇಟ್ಟೆ. ನಿಜವಾಗಿಯೂ ಐದು ನಿಮಿಷದಲ್ಲಿ ಖಾತೆ ತೆರೆಯಿತು. ನನಗೆ ಅದೆಷ್ಟು ಹಿಗ್ಗಾಯಿತೆಂದರೆ ಅವಳಿಗೆ ಚಹಾ ಮಾಡಿಕೊಟ್ಟೆ.

ಹೋಗುವಾಗ ಹುಡುಗಿ ಸಂಕೋಚದಿಂದ ಕೇಳಿದಳು: "ನಿಮ್ಮ ಸಾಲಿಯೊಳಗ ಇನ್ನೂ ಯಾರರ ಇದ್ರ ಹೇಳ್ರಿ ಮೇಡಂ. ಈ ತಿಂಗಳ ಟಾರ್ಗೆಟ್ ಆಗಿಲ್ಲ. ಇನ್ನೆರಡು ಖಾತೆ ಆದ್ರ ಸಾಕು."

ನನಗೆ ತಕ್ಷಣ ನೆನಪಾದದ್ದು ನಮ್ಮ ಶಾಲೆಯ ಬಿಸಿಯೂಟದ ಅಡುಗೆಯಾಕೆ.

ಆಕೆ ಯಾಪಲದಿನ್ನಿಯ ಕುರಿಗಾರರ ಮನೆಯ ಮಗಳು. ಮಾನ್ವಿ ತಾಲೂಕಿನ ಚೀಕಲಪರ್ವಿಗೆ ಮದುವೆ ಮಾಡಿಕೊಟ್ಟಿದ್ದರು. ಗಂಡ ತೀರಿಕೊಂಡ ಮೇಲೆ ಅಣ್ಣಂದಿರು ವಾಪಸು ಕರೆತಂದಿದ್ದರು. ಮಕ್ಕಳಿರಲಿಲ್ಲ. ವಿಧವಾ ವೇತನ ಬರುತ್ತಿದ್ದದ್ದು ಮಾನ್ವಿಯ ಬ್ಯಾಂಕಿಗೆ. ಗಂಡನ ಊರಿನಲ್ಲಿದ್ದಾಗ ತೆಗೆಸಿದ ಖಾತೆ ಅದು. ಪ್ರತಿ ತಿಂಗಳೂ ಒಂದು ದಿನ ರಜೆ ಕೇಳಿಕೊಂಡು, ಯಾಪಲದಿನ್ನಿಯಿಂದ ರಾಯಚೂರಿಗೆ ಒಂದು ಬಸ್ಸು, ರಾಯಚೂರಿನಿಂದ ಮಾನ್ವಿಗೆ ಇನ್ನೊಂದು ಬಸ್ಸು ಹಿಡಿದು ಹೋಗುತ್ತಿದ್ದಳು. ಮುಂಜಾನೆ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಪಾಪ, ಎಷ್ಟು ತ್ರಾಸು ಅಂದುಕೊಂಡೆ. ನನಗೆ ಆದದ್ದೇ ಆಕೆಗೂ ಆಗುತ್ತಿದೆ ಎಂದು ನಂಬಿದೆ.

ಶನಿವಾರ ಹುಡುಗಿ ಶಾಲೆಗೇ ಬಂದಳು. ಅಡುಗೆ ಕೋಣೆಯಲ್ಲಿ ಸಾರಿನ ಪಾತ್ರೆ ಇಳಿಸಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅಡುಗೆಯಾಕೆ ಬಂದು ನಿಂತಳು. ಹೆಬ್ಬೆರಳು ಇಟ್ಟರೆ ಯಂತ್ರ ಕೆಂಪು ದೀಪ ತೋರಿಸಿತು. ತೊಳೆದು ಇಟ್ಟಳು, ಕೆಂಪು. ಎಡಗೈ, ಕೆಂಪು. ಹುಡುಗಿ ತನ್ನ ಕರ್ಚೀಫಿನಿಂದ ಆಕೆಯ ಬೆರಳುಗಳನ್ನು ಒಂದೊಂದಾಗಿ ಒರೆಸಿ, ಮೇಲಿಂದ ಮೆಲ್ಲಗೆ ಒತ್ತಿದಳು. ಏಳನೆಯದೋ ಎಂಟನೆಯದೋ ಸಲಕ್ಕೆ ಹಸಿರು ದೀಪ ಬಂತು.

"ಮೊಬೈಲ್ ನಂಬರ್?"

"ಇಲ್ಲವ್ವಾ. ಅಣ್ಣನ ಹಂತ್ಯಾಕ ಒಂದ ಅದ, ಅವ ಕುರಿ ಹಿಂದ ಹೋಗಿರ್ತಾನ."

"ನನ್ನ ಹಳೇ ನಂಬರ್ ಹಾಕ್ರಿ," ಅಂದೆ ನಾನು. "ಅದು ಮನ್ಯಾಗ ಸುಮ್ಮನ ಕೂತದ."

"ವಿಧವಾ ವೇತನ ಇಲ್ಲಿಗೇ ಬರೋಹಂಗ ಆಧಾರ್ ಜೋಡಿಸ್ಲೇನ್ರಿ?" ಹುಡುಗಿ ಕೇಳಿದ್ದು ಅಡುಗೆಯಾಕೆಯನ್ನು. ಆಕೆ ನನ್ನ ಮುಖ ನೋಡಿದಳು.

"ಜೋಡಿಸ್ರಿ," ಎಂದು ನಾನೇ ಹೇಳಿದೆ. "ಮಾನ್ವಿ ಓಡಾಟ ತಪ್ಪತದ. ಹೌದಿಲ್ಲೋ?"

"ನೀವು ಹೇಳಿದ್ರ ಆತ್ರಿ ಅಕ್ಕೋರ," ಅಂದಳು ಆಕೆ. ಹಾಗೆಂದು ಸಾರಿನ ಪಾತ್ರೆಯ ಕಡೆಗೆ ಹೋದಳು. ನಮ್ಮ ಕಡೆ ಹೆಣ್ಣು ಮಾಸ್ತರರಿಗೆ ಅಕ್ಕೋರು ಅನ್ನುತ್ತಾರೆ. ಆ ಮಾತಿನಲ್ಲಿ ಎಷ್ಟು ಮರ್ಯಾದೆಯಿದೆಯೋ ಅಷ್ಟೇ ಅಂಜಿಕೆಯೂ ಇದೆ ಎಂಬುದು ಅವತ್ತು ನನಗೆ ಹೊಳೆಯಲಿಲ್ಲ.

ಇತ್ತ ನನ್ನದೇ ಕೆಲಸ ದೇವದುರ್ಗದಲ್ಲಿ ಸಿಕ್ಕಿಕೊಂಡಿತು. ಹೊಸ ಖಾತೆ ತೆರೆಯಲು ಐದು ನಿಮಿಷ ಸಾಕಾಗಿತ್ತು. ಹಳೆಯದನ್ನು ಬಿಡಿಸಿಕೊಳ್ಳಲು ಏಳು ತಿಂಗಳು ಹಿಡಿಯಿತು. ಪಗಾರದ ಬಿಲ್ಲಿನಲ್ಲಿ ಖಾತೆ ಬದಲಾಗಬೇಕಾದರೆ ಹಳೆ ಬ್ಯಾಂಕಿನ ಒಪ್ಪಿಗೆ ಪತ್ರ ಬೇಕು ಅಂದರು ಕಚೇರಿಯವರು. ಒಪ್ಪಿಗೆ ಪತ್ರ ಕೊಡಬೇಕಾದರೆ ಹೆಸರು ಸರಿಯಾಗಬೇಕು ಅಂದರು ಬ್ಯಾಂಕಿನವರು. ಖಾತೆಯಲ್ಲಿ ನನ್ನ ಹೆಸರಿನ ಮುಂದೆ ತಂದೆಯ ಹೆಸರಿತ್ತು, ಆಧಾರಿನಲ್ಲಿ ಗಂಡನ ಹೆಸರು. ಮದುವೆಯ ದಾಖಲೆ ಒಯ್ದುಕೊಟ್ಟೆ. ಆಮೇಲೆ ಸಹಿಯ ತಕರಾರು ಬಂತು.

ಆ ಕೌಂಟರಿನಲ್ಲಿ ಕೂತವನು ನನ್ನ ಹಳೆಯ ವಿದ್ಯಾರ್ಥಿ. ಎಂಟನೇ ಇಯತ್ತೆಯಲ್ಲಿ ಅವನಿಗೆ ಕನ್ನಡ ಕಲಿಸಿದ್ದೆ. ಈಗ ತಲೆಯ ಮುಂದಿನ ಕೂದಲು ಉದುರಿತ್ತು, ಕನ್ನಡಕ ಬಂದಿತ್ತು. ನನ್ನನ್ನು ನೋಡಿ ಎದ್ದು ನಿಂತ.

"ಮೇಡಂ, ನಿಮ್ಮ ಸಹಿ ಹೊಂದವಲ್ದು."

ಕಂಪ್ಯೂಟರಿನಲ್ಲಿದ್ದ ಹಳೆಯ ಸಹಿಯನ್ನು ತಿರುಗಿಸಿ ತೋರಿಸಿದ. ಹೊಸದಾಗಿ ನೌಕರಿಗೆ ಸೇರಿದ ಹುಡುಗಿಯೊಬ್ಬಳು ಬಹಳ ಆಸ್ಥೆಯಿಂದ ಮಾಡಿದ ಸಹಿ ಅದು. ಪೂರ್ತಿ ಹೆಸರು, ಒತ್ತಕ್ಷರ, ದೀರ್ಘ ಎಲ್ಲ ಬಿಡಿಬಿಡಿಯಾಗಿ, ಒಂದು ಗೇಣು ಉದ್ದ. ಈಗ ನಾನು ಮಾಡುವುದು ಎರಡು ಅಕ್ಷರ, ಒಂದು ಗೆರೆ. ಅವನು ಹಣ ತೆಗೆಯುವ ಚೀಟಿಯ ಹಿಂಬದಿ ಕೊಟ್ಟು, "ಇದರ ಮ್ಯಾಲ ರೂಢಿ ಮಾಡ್ರಿ ಮೇಡಂ" ಅಂದ. ಬೆಂಚಿನ ಮೇಲೆ ಕೂತು ಬರೆದು ತೋರಿಸಿದೆ. ಅವನು ಕನ್ನಡಕ ಏರಿಸಿಕೊಂಡು ನೋಡಿದ.

"ಇನ್ನೂ ಸ್ವಲ್ಪ ದುಂಡಗ ಬರೀರಿ ಮೇಡಂ. ಆ ಅರ್ಕಾವತ್ತು ಬಿಟ್ಟೀರಿ."

ಅಂದವನೇ ತನ್ನ ಮಾತಿಗೆ ತಾನೇ ನಾಲಿಗೆ ಕಚ್ಚಿಕೊಂಡ. ನಾನು ನಕ್ಕುಬಿಟ್ಟೆ. ಸಾಲಿನಲ್ಲಿ ನಿಂತವರಿಗೆ ಏನೂ ತಿಳಿಯದಿದ್ದರೂ ಅವರೂ ನಕ್ಕರು. ಐದನೆಯ ಸಲಕ್ಕೆ ಸಹಿ ಹೊಂದಿತು.

ಆದರೆ ಅವನು ಫಾರಂ ಕೈಯಲ್ಲಿ ಹಿಡಿದುಕೊಂಡೇ ಕೂತ. "ಯಾಕ ಬಿಡ್ತೀರಿ ಮೇಡಂ? ನಮ್ಮಿಂದ ಏನರ ತಪ್ಪಾತೇನ್ರಿ?" ಅಂದ. ಲಿಂಕ್ ಇಲ್ಲದ ದಿನದ ಸಿಟ್ಟು ಅವನೆದುರು ಬಾಯಿಗೆ ಬರಲಿಲ್ಲ. "ದೂರ ಆಗ್ತದಪ್ಪಾ" ಅಂದೆ. ಅವನು ತಲೆಯಾಡಿಸಿ, ಎರಡು ಚೆಕ್ಕಿನ ಹಾಳೆ ವಾಪಸು ಬಂದಿಲ್ಲ, ಕಳೆದಿವೆ ಎಂದು ಛಾಪಾ ಕಾಗದದ ಮೇಲೆ ಬರೆದು ತರಬೇಕು ಎಂದು ಮೆಲ್ಲಗೆ ಹೇಳಿದ. ಮತ್ತೊಂದು ರಜೆ. ಆದರೂ ಅವತ್ತು ಒಂದು ಕೆಲಸ ಆಯಿತು: ಮೊಬೈಲ್ ನಂಬರನ್ನು ಬದಲಿಸಿಕೊಟ್ಟ. ರಾಯಚೂರಿಗೆ ಬಂದವಳೇ ಅಲಮಾರಿಯ ಸಣ್ಣ ಫೋನು ತೆಗೆದು, ಇನ್ನು ಇದಕ್ಕೆ ರೀಚಾರ್ಜು ಬೇಡ ಅಂತ ಮನೆಯವರಿಗೆ ಹೇಳಿದೆ. ಅದೇ ನಂಬರನ್ನು ಇನ್ನೊಬ್ಬರ ಖಾತೆಗೂ ಕೊಟ್ಟಿದ್ದೇನೆ ಎಂಬುದು ತಲೆಯಲ್ಲೇ ಇರಲಿಲ್ಲ.

ದಸರೆಯ ರಜೆ ಮುಗಿಸಿ ಶಾಲೆಗೆ ಹೋದ ದಿನ ಊಟದ ಹೊತ್ತಿಗೆ ಅಡುಗೆಯಾಕೆಯನ್ನು ಕೇಳಿದೆ, "ಹ್ಯಾಂಗದವ್ವಾ ಹೊಸ ಬ್ಯಾಂಕು? ಛಲೋ ಅದನೋ?"

ಆಕೆ ಸೌಟು ತಿರುವುತ್ತ, "ಛಲೋ ಅದ ರೀ" ಅಂದಳು.

ಪಕ್ಕದಲ್ಲಿ ತಟ್ಟೆ ತೊಳೆಯುತ್ತಿದ್ದ ಇನ್ನೊಬ್ಬ ಅಡುಗೆಯಾಕೆಗೆ ತಡೆಯಲಾಗಲಿಲ್ಲ. "ಎಲ್ಲಿ ಛಲೋ? ಅಕ್ಕೋರ, ಈಕಿಗೆ ಮೂರು ತಿಂಗಳಾತು, ಪಿಂಚಣಿ ಕಣ್ಣಿಲೆ ಕಂಡಿಲ್ಲ. ನಿಮ್ಮ ಮುಂದ ಹೇಳಬ್ಯಾಡ ಅಂತ ನನಗ ಆಣಿ ಹಾಕ್ಯಾಳ."

ನಾನು ತಟ್ಟೆ ಬದಿಗಿಟ್ಟೆ. "ಯಾಕವ್ವಾ, ನನಗ ಯಾಕ ಹೇಳಲಿಲ್ಲ?"

"ನೀವು ನನ್ನ ಸಲುವಾಗಿ ಮಾಡೀರಿ. ಹೇಳಿದ್ರ ನಿಮಗ ಬ್ಯಾಸರ ಆಗತೈತಿ ಅಂತ..." ಎಂದು ತಲೆ ತಗ್ಗಿಸಿದಳು.

ಮರುದಿನವೇ ಆಕೆಯನ್ನು ಕರೆದುಕೊಂಡು ರಾಯಚೂರಿನ ಹೊಸ ಬ್ಯಾಂಕಿಗೆ ಹೋದೆ. ತಣ್ಣಗಿನ ಕೋಣೆ, ಗಾಜಿನ ಬಾಗಿಲು. ಆಕೆ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದಳು. ನಮ್ಮ ಹುಡುಗಿ ಅಲ್ಲಿರಲಿಲ್ಲ. ಕೆಲಸ ಬಿಟ್ಟು ಎರಡು ತಿಂಗಳಾಯಿತು ಅಂದರು. ಮೇಜಿನ ಹಿಂದಿದ್ದ ಅಧಿಕಾರಿ ಕಂಪ್ಯೂಟರು ನೋಡಿ ಹೇಳಿದ್ದನ್ನು ನಾನು ಎರಡೆರಡು ಸಲ ಕೇಳಿ ತಿಳಿದುಕೊಂಡೆ. ಸರಕಾರದ ದುಡ್ಡು ಕಡೆಯದಾಗಿ ಆಧಾರ್ ಎಲ್ಲಿ ಜೋಡಣೆಯಾಗಿದೆಯೋ ಆ ಖಾತೆಗೆ ಹೋಗುತ್ತದೆ. ಹೀಗಾಗಿ ಮೂರು ತಿಂಗಳ ವೇತನ ಮಾನ್ವಿ ಬಿಟ್ಟು ಇಲ್ಲಿಗೇ ಬಂದು ಕೂತಿತ್ತು. ಕಾರ್ಡನ್ನು ಅಂಚೆಯಲ್ಲಿ ಕಳಿಸಿದ್ದರು. ಆದರೆ ಆಕೆಯ ಆಧಾರಿನಲ್ಲಿದ್ದ ವಿಳಾಸ ಚೀಕಲಪರ್ವಿಯದು. ಅಲ್ಲಿ ಪಡೆಯುವವರಿಲ್ಲವೆಂದು ಕಾರ್ಡು ತಿರುಗಿ ಬಂದು, ನಿಯಮದಂತೆ ಕತ್ತರಿಸಿ ಹಾಕಿಯಾಗಿತ್ತು. ಕಾರ್ಡಿಲ್ಲದೆ ದುಡ್ಡು ತೆಗೆಯಲು ಬೆರಳಚ್ಚು ಬೇಕು. ಬೆರಳಿಟ್ಟರೆ ಕೆಂಪು ದೀಪ. ಹತ್ತು ಬೆರಳೂ ಕೆಂಪು.

"ಹಂಗಾದ್ರ ಒಟಿಪಿ ಕಳಿಸ್ತೀನಿ," ಅಂದರು ಅಧಿಕಾರಿ. "ನಂಬರ್ ನಿಮ್ಮ ಕಡೆ ಅದ ಅಲ್ರಿ?"

ಅವರು ಓದಿ ಹೇಳಿದ ನಂಬರು ನನ್ನದು. ನಾನೇ ಕೈಬಿಟ್ಟದ್ದು.

ಅಲ್ಲೇ ನಿಂತು ಆ ನಂಬರಿಗೆ ಫೋನು ಮಾಡಿದೆ. ಗಂಡಸೊಬ್ಬರು ಎತ್ತಿದರು. ಹಿಂದೆ ಹಿಟ್ಟಿನ ಗಿರಣಿಯ ಗದ್ದಲ.

"ಇದು ನನ್ನ ಹಳೇ ನಂಬರ್ರಿ," ಅಂದೆ.

"ಓ, ನೀವೇನ್ರಿ?" ಅವರ ದನಿಯಲ್ಲಿ ನೆಂಟರು ಸಿಕ್ಕಷ್ಟು ಸಂತೋಷ. "ಈ ಸಿಮ್ ತಗೊಂಡಾಗಿಂದ ನಿಮ್ಮ ಮಂದಿ ದಿನಾ ಫೋನ್ ಮಾಡ್ತಾರಲ್ರೀ. ನಿಮ್ಮ ಮನಿ ಗ್ಯಾಸ್ ಬಂದಿದ್ದು ನನಗ ಗೊತ್ತಾಗ್ತದ. ಮೊನ್ನಿ ಯಾರೋ, 'ಟೀಚರ್, ಹಬ್ಬದ ಶುಭಾಶಯ' ಅಂದ್ರು. ನಾನೂ ಥ್ಯಾಂಕ್ಸ್ ಅಂದೀನಿ." ವಿಷಯ ಹೇಳಿದೆ. ಅವರು ಗಂಭೀರವಾದರು. "ಮೊನ್ನಿ ಒಂದ್ಸಲ ದುಡ್ಡು ಜಮಾ ಅಂತ ಬಂದಿತ್ತುರಿ. ಯಾರದೋ ಏನೋ ಅಂತ ನಾನೂ ಗಾಬರಿ ಆಗಿದ್ದೆ. ಬಡವಿ ದುಡ್ಡು ಅಂತೀರಿ. ಒಟಿಪಿ ಬಂದ್ರ ಓದಿ ಹೇಳ್ಲೇನು?"

ಅಧಿಕಾರಿ ಕೈ ಅಡ್ಡ ಆಡಿಸಿದರು. ಬೇರೆಯವರ ಫೋನಿನಿಂದ ಒಟಿಪಿ ಕೇಳುವಂತಿಲ್ಲ. ಅವರ ಮಾತೂ ಸರಿಯೇ. ಮೊದಲು ಆಧಾರ್ ಕೇಂದ್ರದಲ್ಲಿ ಬೆರಳಚ್ಚು ಹೊಸದಾಗಿ ಕೊಟ್ಟು ಬರ್ರಿ, ಆಮೇಲೆ ನಂಬರು ಬದಲಿಸೋಣ ಅಂದರು.

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆವು. ಆಕೆ ತನ್ನ ಬೆರಳುಗಳನ್ನು ಬಿಸಿಲಿಗೆ ಹಿಡಿದು ನೋಡಿಕೊಂಡಳು. ಸಣ್ಣವಳಿದ್ದಾಗಿನಿಂದ ಉಣ್ಣೆ ಹಿಂಜಿ ನೂತ ಬೆರಳು, ಆಮೇಲೆ ದಿನಾ ನೂರಾರು ಮಕ್ಕಳಿಗೆ ಅಡುಗೆ ಮಾಡಿದ ಬೆರಳು. ತುದಿಗಳು ನುಣ್ಣಗೆ, ನದಿಯ ಹರಳಿನ ಹಾಗೆ. "ಗೆರಿನೇ ಇಲ್ಲ ನೋಡ್ರಿ ಅಕ್ಕೋರ," ಅಂದಳು, ತಪ್ಪು ತನ್ನದೇ ಎಂಬಂತೆ.

ಆ ಸಂಜೆ ನಾನು ಸಿಟ್ಟಿನಲ್ಲಿ ಹುಡುಗಿಗೆ ಫೋನು ಹಚ್ಚಿದೆ. ಬೈಯಬೇಕೆಂದೇ ಹಚ್ಚಿದ್ದು. ಆ ಕಡೆಯಿಂದ ಅವಳು ಎಲ್ಲ ಕೇಳಿಕೊಂಡು ಅಳತೊಡಗಿದಳು. ಟಾರ್ಗೆಟ್ ಆಗದ ತಿಂಗಳು ಎಲ್ಲರೆದುರು ನಿಲ್ಲಿಸಿ ಮಾತಾಡುತ್ತಿದ್ದರಂತೆ. ತಾಳಲಾರದೆ ಬಿಟ್ಟು, ಈಗ ಸೀರೆ ಅಂಗಡಿಯಲ್ಲಿ ಕೆಲಸಕ್ಕಿದ್ದಾಳಂತೆ. "ಬೆರಳು ಅಷ್ಟು ಸಲ ತಗೊಳ್ಳಲಿಲ್ಲ ಅಂದಾಗಲೇ ನಾನು ಬಿಡಬೇಕಿತ್ತುರಿ ಮೇಡಂ," ಅಂದಳು. ನನ್ನ ಸಿಟ್ಟು ಇಳಿದು ಹೋಯಿತು. ಮಾತು ಮುಗಿಸುವ ಮುಂಚೆ ಅವಳೇ ಒಂದು ಉಪಾಯ ಹೇಳಿಕೊಟ್ಟಳು: ಆಧಾರ್ ಕೇಂದ್ರದಲ್ಲಿ ಕಣ್ಣಿನ ಪಾಪೆಯನ್ನೂ ತೆಗೆಸ್ರಿ, ಬೆರಳಿಗೆ ಬೆಳಿಗ್ಗೆ ಎದ್ದ ಕೂಡಲೇ ಸ್ವಲ್ಪ ಎಣ್ಣೆ ಹಚ್ಚಿ ಒರೆಸಿಕೊಂಡು ಬರಲಿ, ನೀರಿನ ಕೆಲಸ ಮಾಡುವ ಮೊದಲು ಬರಲಿ.

ಹಾಗೇ ಮಾಡಿದೆವು. ಆಧಾರ್ ಕೇಂದ್ರದ ಸಾಲಿನಲ್ಲಿ ಎರಡು ದಿನ ನಿಂತೆವು. ಕಣ್ಣಿನ ಪಾಪೆ ಒಂದೇ ಸಲಕ್ಕೆ ಬಂತು. ಬೆರಳುಗಳಲ್ಲಿ ಎಡಗೈಯ ಉಂಗುರ ಬೆರಳು ಮಾತ್ರ ಸ್ಪಷ್ಟವಾಗಿ ಮೂಡಿತು. ಆ ಒಂದು ಬೆರಳು ಸಾಕಾಯಿತು. ಹದಿನೈದು ದಿನ ಬಿಟ್ಟು ಬ್ಯಾಂಕಿಗೆ ಹೋದಾಗ ಹಸಿರು ದೀಪ ಹತ್ತಿತು. ನಂಬರು ಬದಲಾಯಿತು, ಅಣ್ಣನ ನಂಬರು ಹಾಕಿಸಿದೆವು. ಅಧಿಕಾರಿ ಮೂರು ತಿಂಗಳ ದುಡ್ಡು ಕೈಗೆ ಕೊಟ್ಟರು. ಆಕೆ ಅದನ್ನು ಸೆರಗಿನ ತುದಿಗೆ ಗಂಟು ಹಾಕಿದಳು.

"ಇನ್ನ ಚಿಂತಿಲ್ಲ," ಅಂದೆ ನಾನು ಗೆದ್ದವಳ ಹಾಗೆ. "ಇನ್ನ ಮ್ಯಾಲ ರಾಯಚೂರಿಗೆ ಬಂದ್ರ ಸಾಕು, ರೊಕ್ಕ ಸಿಗತದ."

ಬಸ್‌ಸ್ಟ್ಯಾಂಡಿಗೆ ನಡೆದುಕೊಂಡು ಬಂದೆವು. ಯಾಪಲದಿನ್ನಿ ಬಸ್ಸು ಇನ್ನೂ ಬಂದಿರಲಿಲ್ಲ. ಕಲ್ಲಿನ ಕಟ್ಟೆಯ ಮೇಲೆ ಕೂತಾಗ ನನ್ನ ಮುಖ ನೋಡದೇ ಹೇಳಿದಳು: "ಅಕ್ಕೋರ, ಸಿಟ್ಟಾಗಬ್ಯಾಡ್ರಿ. ನನ್ನ ಪಿಂಚಣಿ ತಿರುಗಿ ಮಾನ್ವಿಗೇ ಹಾಕಿಸ್ರಿ."

ಸಿಟ್ಟು ಬರಲಿಲ್ಲ ಅಂದರೆ ಸುಳ್ಳಾದೀತು. ಇಷ್ಟೆಲ್ಲ ಓಡಾಡಿ, ರಜೆ ಹಾಕಿ, ಸಾಲಿನಲ್ಲಿ ನಿಂತ ಮೇಲೆ! "ಯಾಕವ್ವಾ? ಅಷ್ಟು ದೂರ ಹೋಗೋದು ನಿನಗ ಖುಷಿನೇನು?" ಅಂದುಬಿಟ್ಟೆ.

"ಹೂಂ ರೀ," ಅಂದಳು ಆಕೆ.

ಆಮೇಲೆ ನಿಧಾನವಾಗಿ ಹೇಳಿದಳು. ಗಂಡ ಸತ್ತಾಗ ಆಕೆ ಎಲ್ಲಿರಬೇಕು ಎಂಬುದಕ್ಕೆ ಎರಡೂ ಮನೆಗಳ ಗಂಡಸರ ನಡುವೆ ದೊಡ್ಡ ಮಾತಾಗಿತ್ತು. ಆ ಊರಿನ ಹೊಸ್ತಿಲು ಇನ್ನು ತುಳಿಯಬ್ಯಾಡ ಎಂದು ಅಣ್ಣಂದಿರು ಹೇಳಿದ್ದರು. ಆದರೆ ಚೀಕಲಪರ್ವಿಯಲ್ಲಿ ಗಂಡನ ಅಕ್ಕ ಇದ್ದಾಳೆ. ಹದಿನೈದು ವರ್ಷದ ಸೊಸೆಯಾಗಿ ಹೋದವಳಿಗೆ ರೊಟ್ಟಿ ಬಡಿಯಲು ಕಲಿಸಿದವಳು, ಜ್ವರ ಬಂದರೆ ತಲೆ ಹಿಡಿದು ಕೂತವಳು. ಈಗ ಕಾಲು ಬಾರದೆ ಮನೆಯಲ್ಲೇ ಇದ್ದಾಳೆ. ಊರ ಹೊರಗೆ ಹೊಳೆಯ ದಾರಿಯಲ್ಲಿ ಗಂಡನನ್ನು ಮಣ್ಣು ಮಾಡಿದ ಜಾಗವಿದೆ. ತಿಂಗಳಿಗೊಮ್ಮೆ ಬ್ಯಾಂಕಿಗೆ ಹೋಗುತ್ತೇನೆಂದರೆ ಮನೆಯಲ್ಲಿ ಯಾರೂ ಏನೂ ಕೇಳುತ್ತಿರಲಿಲ್ಲ. ಹೆಣ್ಣುಮಕ್ಕಳಿಗೆ ಬಸ್ಸು ಫುಕಟ್ಟಾದ ಮೇಲಂತೂ ಮಾತೇ ಇರಲಿಲ್ಲ. ಮಾನ್ವಿಯಲ್ಲಿ ದುಡ್ಡು ತೆಗೆದು, ಆಟೊದಲ್ಲಿ ಚೀಕಲಪರ್ವಿಗೆ ಹೋಗಿ, ಆ ಅಕ್ಕನ ತಲೆ ಬಾಚಿ, ಒಂದು ತಾಸು ಕೂತು, ಹೊಳೆಯ ದಾರಿಯಲ್ಲಿ ಒಂದು ಗಳಿಗೆ ನಿಂತು ಬರುತ್ತಿದ್ದಳು.

"ಈಗ ರಾಯಚೂರಾಗ ರೊಕ್ಕ ಬರತೈತಿ ಅಂತ ನೀವು ಸಾಲಿ ಗೇಟಿನ್ಯಾಗ ನಮ್ಮ ಅತ್ತಿಗಿ ಮುಂದ ಹೇಳಿದ್ರಿ. ಅವತ್ತಿಂದ, ಇನ್ನ ಮಾನ್ವಿಗೆ ಯಾಕ ಹೋಗ್ತಿ ಅಂತಾರ. ಮೊದಲನೇ ತಿಂಗಳ ಸುಳ್ಳ ಹೇಳಿ ಹೋದ್ನಿ. ಪಾಸ್‌ಬುಕ್ಕಿನ್ಯಾಗ ಏನೂ ಇರಲಿಲ್ಲ. ಬರಿಗೈಲೆ ಬಂದ್ನೆಲ್ಲಾ, ಎಲ್ಲಿ ಹೋಗಿದ್ದಿ ಅಂತ ಹಿಡ್ಕೊಂಡ್ರು. ಆಮ್ಯಾಲ ಹೋಗಿಲ್ಲ."

ನನಗೆ ಆ ಗೇಟಿನ ಮಾತು ನೆನಪಿತ್ತು. ಉಪಕಾರ ಮಾಡಿದ ಹೆಮ್ಮೆಯಲ್ಲಿ ಗಟ್ಟಿಯಾಗಿಯೇ ಹೇಳಿದ್ದೆ. ಆಕೆಯ ಪಕ್ಕದಲ್ಲಿ ಕೂತು ನನಗೆ ಬಹಳ ನಾಚಿಕೆಯಾಯಿತು. ಅವತ್ತು ಅಡುಗೆ ಕೋಣೆಯಲ್ಲಿ ಹುಡುಗಿ ಪ್ರಶ್ನೆ ಕೇಳಿದ್ದು ಆಕೆಯನ್ನು, ಉತ್ತರ ಕೊಟ್ಟದ್ದು ನಾನು.

"ನಡಿ, ಬರೋ ಸೋಮವಾರ ಮಾನ್ವಿಗೆ ಹೋಗೋಣ," ಅಂದೆ. "ನಿಮ್ಮ ಮನ್ಯಾಗ ನಾನೇ ಹೇಳ್ತೀನಿ."

ಮಾನ್ವಿ ನನ್ನ ತವರು. ತಂದೆ ಅಲ್ಲಿ ಗುಡಿಯ ಪೂಜೆ ಮಾಡಿಕೊಂಡಿದ್ದವರು. ಈಗ ತಮ್ಮ ಮಾಡುತ್ತಾನೆ. ಆದರೂ ಆ ಬ್ಯಾಂಕಿನ ಒಳಗೆ ನಾನು ಕಾಲಿಟ್ಟದ್ದು ಅದೇ ಮೊದಲು. ಕಿಟಕಿಯ ಹಿಂದಿದ್ದ ಅಧಿಕಾರಿ ಉತ್ತರದ ಕಡೆಯವರು, ಕನ್ನಡ ಬಾರದು. ನಾನು ನನ್ನ ರಾಯಚೂರಿನ ದಖನಿ ಉರ್ದುವಿನಲ್ಲಿ ಮಾತಾಡಿದೆ. ಅವರು ಮುಗುಳ್ನಗುತ್ತ ಕೇಳಿಸಿಕೊಂಡರು. ಪಾಸ್‌ಬುಕ್ಕು ನೋಡಿದ್ದೇ ಅಡುಗೆಯಾಕೆಯನ್ನು ಗುರುತು ಹಿಡಿದು, ತಮ್ಮ ಹರಕು ಕನ್ನಡದಲ್ಲಿ, "ಅಮ್ಮಾ, ಬಹುತ್ ದಿನ ಬರ್ಲಿಲ್ಲ? ಹುಷಾರು ಇಲ್ಲ?" ಅಂದರು.

ಆಕೆಯ ಮುಖ ಅರಳಿತು. "ಅದೀನಪ್ಪಾ, ಆರಾಮ ಅದೀನಿ."

ಖಾತೆಯಲ್ಲಿದ್ದ ದಾಖಲೆಗಳು ಹಳೆಯವಾಗಿದ್ದವು. ಗುರುತಿನ ಕಾಗದಗಳನ್ನು ಹೊಸದಾಗಿ ಕೊಡಬೇಕು, ಆಧಾರ್ ಜೋಡಣೆಯ ಫಾರಂ ತುಂಬಬೇಕು, ಹೊಸ ಬ್ಯಾಂಕಿನದನ್ನು ಬಿಡಿಸಿದ್ದಾಗಿ ಒಪ್ಪಿಗೆ ಬರೆಯಬೇಕು. ಫಾರಂ ಇಂಗ್ಲಿಷಿನಲ್ಲಿತ್ತು. ನಾನು ಒಂದೊಂದು ಸಾಲನ್ನೂ ಓದಿ ಅರ್ಥ ಹೇಳಿ, "ಹಾಕ್ಲೇನು?" ಎಂದು ಕೇಳಿದೆ. ಪ್ರತಿ ಸಲವೂ ಆಕೆ ಯೋಚಿಸಿ, "ಹಾಕ್ರಿ" ಅಂದಳು. ಒಂದು ಕಡೆ, "ಇದು ಬ್ಯಾಡ್ರಿ" ಅಂದಳು. ಮೊಬೈಲಿನಲ್ಲಿ ದುಡ್ಡು ಕಳಿಸುವ ಸೌಲಭ್ಯ ಬೇಕೇ ಎಂಬ ಕಡೆ. ಬೇಡ ಎಂದು ಗೀಟು ಎಳೆದೆ. ವಿಳಾಸದ ಸಾಲು ಬಂದಾಗ ಚೀಕಲಪರ್ವಿಯೇ ಇರಲಿ ಅಂದಳು. ಅಧಿಕಾರಿ ಹಾಗೇ ಬರೆದುಕೊಂಡರು.

ಅಲ್ಲಿಂದ ಆಟೊ ಹತ್ತಿದೆವು. ಗಂಡನ ಅಕ್ಕ ಹೊಸ್ತಿಲ ಒಳಗೆ ಚಾಪೆಯ ಮೇಲೆ ಕೂತಿದ್ದಳು. ಇವಳನ್ನು ಕಂಡ ಕೂಡಲೇ ಬೈಯತೊಡಗಿದಳು. "ಸತ್ತೇನ್ಲೇ ನೀನು? ನಾಕು ತಿಂಗಳು! ಯಾರರ ಹೋಗಿ ಬರೋರ ಕೈಲೆ ಒಂದು ಮಾತು ಕಳಿಸಬಾರ್ದೇನು?" ಬೈಯುತ್ತಲೇ ಇವಳ ಕೈ ಹಿಡಿದು ಎಳೆದು ಪಕ್ಕಕ್ಕೆ ಕೂಡಿಸಿಕೊಂಡಳು. ನಾನು ಯಾರು ಎಂದು ತಿಳಿದ ಮೇಲೆ ಒಳಗಿನವರಿಗೆ ನೀರು ತರಲು, ಹಾಲು ಕಾಸಲು ಹೇಳಿದಳು. ನಾನು ಬರಿಯ ಹಾಲು ಕುಡಿದು, ಅವರಿಬ್ಬರೂ ಮಾತಾಡಿಕೊಳ್ಳಲಿ ಎಂದು ಹೊರಗೆ ಬಂದು ಹೊಳೆಯ ಕಡೆ ನಡೆದೆ. ತುಂಗಭದ್ರೆಯಲ್ಲಿ ನೀರು ಸಾಕಷ್ಟಿತ್ತು. ಆಚೆ ದಡದಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದರು. ಬಹಳ ಹೊತ್ತಾದ ಮೇಲೆ ಆಕೆ ಬಂದಳು, ಕಣ್ಣು ಕೆಂಪಾಗಿದ್ದವು. ದಾರಿಯ ಪಕ್ಕದ ಒಂದು ಕಲ್ಲಿನ ಹತ್ತಿರ ನಿಂತು, ಮಣ್ಣು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು.

ಎರಡು ತಿಂಗಳಿಗೆ ವೇತನ ಮತ್ತೆ ಮಾನ್ವಿಗೆ ಬರತೊಡಗಿತು. ಅಣ್ಣಂದಿರಿಗೆ ನಾನು ಹೇಳಿದ್ದು ಇಷ್ಟೇ: ಹೊಸ ಬ್ಯಾಂಕಿನಲ್ಲಿ ಈಕೆಯ ಬೆರಳು ಹಿಡಿಯುವುದು ಕಷ್ಟ, ಮಾನ್ವಿಯವರಿಗೆ ಮುಖವೇ ಗೊತ್ತು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಅತ್ತಿಗೆ ನನ್ನನ್ನೇ ದಿಟ್ಟಿಸಿ ನೋಡಿ, "ಹೋಗಿ ಬರಲಿ ಬಿಡ್ರಿ ಅಕ್ಕೋರ, ನಮಗೇನು ತಿಳಿಯಂಗಿಲ್ಲೇನು" ಅಂದಳು. ಆಕೆಗೆ ಮೊದಲಿನಿಂದಲೂ ಗೊತ್ತಿತ್ತೇನೋ.

ನನ್ನ ಖಾತೆಯೂ ಕಡೆಗೊಮ್ಮೆ ದೇವದುರ್ಗದಿಂದ ಬಂತು. ನನ್ನ ಹಳೆಯ ವಿದ್ಯಾರ್ಥಿ ಫಾರಂ ತೆಗೆದುಕೊಂಡು, ಪಾಸ್‌ಬುಕ್ಕಿನ ಮೇಲೆ ಅಡ್ಡ ಗೀಟು ಹಾಕಿ, ಹೊರಗಿನ ಅಂಗಡಿಯಿಂದ ಚಹಾ ತರಿಸಿದ. ಈಗ ನನ್ನ ಪಗಾರ ಮನೆಯಿಂದ ನಾಲ್ಕು ಹೆಜ್ಜೆಯ ಬ್ಯಾಂಕಿಗೆ ಬರುತ್ತದೆ. ಅಲ್ಲಿ ಮೇಜಿನ ಹಿಂದೆ ಕೂಡುವವರು ಆರು ತಿಂಗಳಿಗೊಮ್ಮೆ ಬದಲಾಗುತ್ತಾರೆ, ನನಗೆ ಅದರಿಂದ ತೊಂದರೆಯಿಲ್ಲ.

ಅಡುಗೆಯಾಕೆ ತಿಂಗಳಿಗೊಂದು ದಿನ ರಜೆ ಕೇಳುತ್ತಾಳೆ. ಹೋದ ತಿಂಗಳು ಹೋಗಿ ಬಂದವಳು ಚೀಲದ ತುಂಬ ಹೊಳೆ ದಂಡೆಯ ಸೌತೆಕಾಯಿ ತಂದು, ಉಪ್ಪು ಖಾರ ಹಚ್ಚಿ ಊಟದ ಜೊತೆ ಎಲ್ಲ ಮಕ್ಕಳಿಗೂ ಒಂದೊಂದು ಹೋಳು ಕೊಟ್ಟಳು. ನನಗೆ ಎರಡು.

"ಅಕ್ಕ ಈಗ ಕೋಲು ಹಿಡಿದು ಬಾಗಿಲ ತನಕ ಬರ್ತಾಳ ರೀ," ಅಂದಳು.